ಮೃದುಭಾಷಿಯಂತೆ ನೀನು

ಬೈಯದೆ ಸುಮ್ಮನಾಗಿಬಿಟ್ಟ ಅಕ್ಕನಿಗೆ,

ನಿನ್ನ ಶಿವಗಣಾರಾಧನೆಯ ಕಾರ್ಡು ಕೈಗೆ ಬಂದ ದಿನ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಫೋಟೋದ ಕೆಳಗೆ ಭಾವ ಏನು ಹಾಕಿಸಿದ್ದರು ಗೊತ್ತಾ? 'ಮೃದುಭಾಷಿ'. ಮೂಡಿಗೆರೆಯಲ್ಲಿ ನೀನು ಹತ್ತಿದ ಕೂಡಲೇ ಜೀಪಿನ ಡ್ರೈವರು ಬೀಡಿ ಆರಿಸುತ್ತಿದ್ದುದು ಯಾವ ಮೃದು ಮಾತಿಗೆ ಹೆದರಿ? "ಖಾರದ ಬಾಯಿ ಅಂತ ಹಾಕಿಸಬೇಕಿತ್ತು" ಎಂದೆ ಭಾವನಿಗೆ. "ಸತ್ತೋರ ಬಗ್ಗೆ ಹಂಗೆಲ್ಲ ಬರೆಸ್ತಾರೇನೇ?" ಎಂದರು. ಊಟಕ್ಕೆ ಬಂದವರೂ ಹೋಳಿಗೆ ಮುರಿಯುತ್ತಾ "ಒಂದು ಗಟ್ಟಿ ಮಾತಾಡಿದೋರಲ್ಲ" ಎನ್ನುತ್ತಿದ್ದರು. ನಿನ್ನಿಂದ ಬೈಸಿಕೊಳ್ಳದವರು ಅಲ್ಲಿ ಒಬ್ಬರಾದರೂ ಇದ್ದರಾ? ಅವರು ಹೊಗಳುತ್ತಿದ್ದದ್ದು ಬೇರೆ ಯಾರನ್ನೋ.

ಒಮ್ಮೆ ಹಂಡೆಗೆ ಬೂದಿ ಹಾಕಿ ತಿಕ್ಕುತ್ತಾ ನೀನು ಹೇಳಿದ್ದೆ, ಸಂಸ್ಕೃತದ ಕ್ಷಾರವೇ ನಮ್ಮ ಬಾಯಲ್ಲಿ ಖಾರ ಆಗಿದ್ದು ಅಂತ. ಕನ್ನಡ ಟೀಚರು, ಬಚ್ಚಲಲ್ಲೂ ಪಾಠ. ಬೂದಿ, ಸುಣ್ಣಕ್ಕೆ ಕ್ಷಾರ ಅಂತೀವಿ, ಮೆಣಸಿಗೂ ಮಾತಿಗೂ ಖಾರ ಅಂತೀವಿ. "ಸುಡೋದೊಂದೇ ಕಾಣುತ್ತೆ ನಿಮಗೆ. ಕೊಳೆ ತೆಗೆಯೋದೂ ಅದೇ ಅಲ್ವೇನೇ ಮಾರಾಯ್ತಿ?" ಎಂದಿದ್ದೆ ನೀನು. ಆಗ ನಾನು ನಕ್ಕಿದ್ದೆ. ಈಗ ಇದನ್ನೆಲ್ಲ ಯಾರ ಹತ್ತಿರ...

ಮಳೆಗೆ ಮುಂಚೆ ಜಾವಳಿಯ ನಿಮ್ಮ ಕಾಫಿ ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸುವ ದಿನ ನೀನು ಕತ್ತಿ ಹಿಡಿದೇ ಬರುತ್ತಿದ್ದೆ. ಮೈಲುತುತ್ತಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿ ಕೆಂಪಗಾಗುತ್ತದೆ, ಅಂಥ ಔಷಧಿ ಎಲೆಯನ್ನೇ ಸುಡುತ್ತದೆ. ಭಾವನಿಗೆ ಪ್ರತಿ ವರ್ಷ ಅವಸರ. "ಕತ್ತಿ ಅದ್ದೋಕೂ ಮುಹೂರ್ತ ನೋಡ್ಬೇಕಾ ನಿಮಗೆ?" ಎಂದು ನೀನು ಎಲ್ಲರೆದುರೇ ಕೇಳುತ್ತಿದ್ದೆ. ಈ ವರ್ಷ ಕೇಳುವವರಿರಲಿಲ್ಲ. ಕತ್ತಿ ಅದ್ದದೆ ಹಾಗೇ ಹೊಡೆಸಿಬಿಟ್ಟರು. ಮನೆ ಪಕ್ಕದ ಕಾಫಿ ಗಿಡಗಳ ಚಿಗುರೆಲ್ಲ ಸುಟ್ಟು ಕಪ್ಪಗಾಗಿದೆ.

ನೋಡಲು ಹೋದಾಗ ನನಗೂ ಬಾಯಿಗೆ ಬಂದಂತೆ ಬೈಯುವ ಮನಸ್ಸಿತ್ತು. ಭಾವ ಗಿಡದ ಬುಡದಲ್ಲಿ ಕೂತಿದ್ದರು. "ಅವ್ಳು ಹೋದ್ಮೇಲೆ ಈ ಮನೇಲಿ ಯಾರೂ ನಂಗೆ ಏನೂ ಅಂದಿಲ್ಲ ಕಣೇ" ಎಂದರು. ಎಷ್ಟು ಸಿಟ್ಟಿದ್ದರೂ ನಾನು ಅವರ ಪಕ್ಕದಲ್ಲೇ ಕೂತೆ.

ನಿನಗೆ ಮುಟ್ಟದ ಸುದ್ದಿ ಒಂದಿದೆ. ವರ್ಷದ ಪುಣ್ಯಸ್ಮರಣೆಯ ಕಾರ್ಡು ಬರೆಯುವುದನ್ನು ನನಗೇ ಬಿಟ್ಟಿದ್ದಾರೆ. "ಖಾರದ ಬಾಯಿ ಅಂತ್ಲೇ ಹಾಕು" ಎಂದರು. ಹಾಕುತ್ತೇನೆ, ನೋಡುತ್ತಿರು. ಎದ್ದು ಬರುವಾಗ ಭಾವ ಕೇಳಿದರು, "ಅವ್ಳಿದ್ದಿದ್ರೆ ಈಗ ಏನಂತಿದ್ಲು?"

ನಿನ್ನ ಧಾಟಿಯಲ್ಲೇ ಬೈದೆ, ಅಕ್ಕ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡರು.