ಒರೆಸಿದ ಹನ್ನೊಂದು ಬೋಗಿ

ಚಳ್ಳಕೆರೆ
10-11-2024

ಯಜಮಾನರಿಗೆ ಬಸವಲಿಂಗಮ್ಮನ ಶರಣು.

ನೀವು ಫೋನ್ ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಮೊಳಕಾಲ್ಮುರಿನಲ್ಲಿ ತಮ್ಮನ ಮನೆ ಸೇರಿ ಐದು ತಿಂಗಳಾಯಿತು. ಹಾಲೇಶಪ್ಪನನ್ನು ಕೇಳಿದರೆ, “ಅಣ್ಣ ಉಣ್ತಾನೆ, ಮಲಗ್ತಾನೆ, ಮಾತೊಂದಿಲ್ಲ. ನೀವೇನು ಮಾಡಿದ್ರಿ ಅತ್ತಿಗೆ?” ಎನ್ನುತ್ತಾನೆ. ಏನೂ ಇಲ್ಲ ಎಂದೆ.

ಜ್ಯೋತಿಯ ಮದುವೆ ಮುಂದಿನ ತಿಂಗಳು ಎಂಟಕ್ಕೆ. “ಅಪ್ಪ ಬರ್ಲಿಲ್ಲ ಅಂದ್ರೆ ನಾನು ಮಂಟಪ ಹತ್ತಲ್ಲ ಅವ್ವ, ನೀನೇ ಹತ್ತು” ಎಂದಿದ್ದಾಳೆ. ಹಠ ನನ್ನದೇ ಬಂದಿದೆ.

ಅವತ್ತು ಗಂಡಿನ ಕಡೆಯವರು ಬರುವವರಿದ್ದರು. ನೀವು ಹಣ್ಣು ತರಲು ಹೋದಾಗ ಮನೆಯೆಲ್ಲ ಒರೆಸಿ ನಿಮ್ಮ ಕೋಣೆಗೆ ಹೋದೆ. ಎಂಟು ವರ್ಷ ಕೂತು ಹಲಗೆಯ ಮೇಲೆ ಕಟ್ಟಿದ ಪುಟ್ಟ ಸ್ಟೇಷನ್, ನನ್ನ ರವೆ ಜರಡಿಯಲ್ಲಿ ಸೋಸಿದ ಜಲ್ಲಿ, ಬೆರಳುದ್ದದ ಗೂಡ್ಸ್ ಬೋಗಿಗಳು. ಬೋಗಿಗಳ ಮೈಯೆಲ್ಲ ಧೂಳೆಂದುಕೊಂಡೆ. ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹನ್ನೊಂದನ್ನೂ ಒರೆಸಿ ಬಿಸಿಲಿಗೆ ಸಾಲಾಗಿ ಇಟ್ಟೆ. ನೀವು ಬಂದು ನೋಡಿ, “ಅಂಗಡಿ ಆಟಿಕೆ ಆದ್ವು” ಎಂದಷ್ಟೇ ಅಂದಿರಿ. ನೆಂಟರು ಹೋದ ಮೇಲೆ ಚೀಲ ಹಿಡಿದು ಬಸ್ಸಿಗೆ ಹೋದಿರಿ. ನಾನು ತಡೆಯಲಿಲ್ಲ. ಅಳಲೂ ಇಲ್ಲ.

ಈಗ ದಿನಾ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುತ್ತೇನೆ. ಏನೂ ಅನ್ನಿಸುವುದಿಲ್ಲ. ಹೋದ ವಾರ ಸ್ಟೇಷನ್ನಿಗೆ ಹೋಗಿ, ನಿಂತ ಗೂಡ್ಸ್ ಗಾಡಿಯನ್ನು ನೋಡಿ ಬಂದೆ. ತುಕ್ಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಾಗಿಲ ಕೀಲಿನಿಂದ ಕೆಳಕ್ಕೆ, ಮಳೆ ನೀರು ಇಳಿದ ದಾರಿಯಲ್ಲಿ ಇಳಿದಿರುತ್ತದೆ. ನೀವೂ ಬೋಗಿಗಳ ಮೇಲೆ ಕುಂಚದಲ್ಲಿ ತುಕ್ಕನ್ನು ಹಾಗೇ ಬರೆದಿದ್ದಿರಿ. ನಿಮ್ಮ ಡಬ್ಬಿಯ ಬಣ್ಣದ ಪುಡಿ ತೆಗೆದು ಒಂದು ಬೋಗಿಗೆ ಹಚ್ಚಿ ನೋಡಿದೆ. ಮಸಿ ಅರಿವೆಯಂತಾಯಿತು. ಉಳಿದ ಹತ್ತನ್ನು ಮುಟ್ಟಿಲ್ಲ.

ಬರುವುದಾದರೆ ಬೆಳಗಿನ ಬಸ್ಸಿಗೆ ಬನ್ನಿ. ಬೇಡಿಕೊಂಡು ನನಗೆ ಅಭ್ಯಾಸವಿಲ್ಲ.

ಇತಿ,
ಬಸವಲಿಂಗಮ್ಮ

ಮರೆತ ಮಾತು: ಧೂಳೆಂದುಕೊಂಡೆ ಎಂದು ಮೇಲೆ ಬರೆದದ್ದು ಸುಳ್ಳು. ಮೊದಲನೆಯದನ್ನು ಒರೆಸುವಾಗಲೇ ಬಟ್ಟೆಗೆ ಕೆಂಪು ಹತ್ತಿತು. ನೀವು ಹಚ್ಚಿದ್ದೆಂದು ಗೊತ್ತಾಯಿತು. ಆ ಬೆಳಿಗ್ಗೆ ಹೊಸ ಸೀರೆ ಉಟ್ಟು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಮೂರು ಸಲ ಕರೆದಿದ್ದೆ. ನೀವು ಒಂದು ಮೊಳೆಯ ತುಕ್ಕು ಬರೆಯುತ್ತಿದ್ದಿರಿ, ತಲೆ ಎತ್ತಲಿಲ್ಲ. ಅದಕ್ಕೇ ಉಳಿದ ಹತ್ತನ್ನೂ ಒರೆಸಿದೆ. ಜ್ಯೋತಿಗೆ ಇದು ಗೊತ್ತಿಲ್ಲ. ಬೇಕಾದರೆ ನೀವೇ ಬಂದು ಹೇಳಿ.