ಉಸಿರು ಬಿಡುವ ಗೋಡೆ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ನಿನ್ನ ಕಾಗದ ತಲುಪಿ ಹತ್ತು ದಿನವಾಯಿತು. ಕಾಗದ ಅನ್ನುವುದಕ್ಕೆ ಅದರಲ್ಲಿದ್ದದ್ದೇ ಒಂದು ಸಾಲು: ಕಿಟಕಿ ತೆಗೆಸಿಕೊಡು. ಹೇಗಿದ್ದೀಯ ಅಂತ ಕೂಡ ಕೇಳಿಲ್ಲ. ಸಿಟ್ಟು ಬಂದರೆ ನೀನು ಮಾತು ಕಡಿಮೆ ಮಾಡುತ್ತೀಯ ಅಂತ ಗೊತ್ತಿದ್ದೂ, ಅದನ್ನು ಮಡಚಿ ಬಣ್ಣದ ಡಬ್ಬಿಯ ಕೆಳಗೆ ಇಟ್ಟು ಸುಮ್ಮನಿದ್ದೆ.

ನಿನ್ನೆ ನಿನ್ನ ಇಸ್ತ್ರಿ ಅಂಗಡಿಯ ಎದುರಿನ ದರ್ಜಿ ಫೋನ್ ಮಾಡಿದ್ದ. ಶೆಕೆ ತಾಳಲಾರದೆ ನೀನು ಮೇಜಿನ ಮೇಲೇ ಕುಸಿದೆಯಂತೆ, ಇಸ್ತ್ರಿಪೆಟ್ಟಿಗೆ ಎಡಗೈ ಮೇಲೆ ಬಿತ್ತಂತೆ. ನಿಮ್ಮಕ್ಕ ಒಳಗೆ ಬೇಯ್ತಾ ಇದಾರೆ, ನೀವು ಅಲ್ಲಿ ಪೇಪರಿಗೆ ಫೋಟೋ ಕೊಡ್ತಾ ಇದೀರಿ ಅಂದ. ಸರಿಯಾಗಿಯೇ ಹೇಳಿದ. ಕೈ ಈಗ ಹೇಗಿದೆ?

ನಿನ್ನ ಅಂಗಡಿಯ ಗೋಡೆಗೆ ನಾನು ಚಿತ್ರ ಬರೆದ ಭಾನುವಾರ ನೆನಪಿದೆಯಾ? ಅದಕ್ಕೆ ಮುಂಚೆ ನಾನು ಸೇತುವೆ ಕೆಳಗೆ, ಗೋದಾಮಿನ ಹಿಂದೆ ಬರೆದು, ಕಾವಲಿನವನ ಸೀಟಿ ಕೇಳಿದರೆ ಚಪ್ಪಲಿ ಬಿಟ್ಟು ಓಡುತ್ತಿದ್ದೆ. ಒಂದು ದಿನ ನೀನೇ ಅಂದೆ: ಎಷ್ಟು ಜೊತೆ ಚಪ್ಪಲಿ ಕೊಡಿಸೋದು ನಾನು, ನನ್ನ ಗೋಡೆ ಮೇಲೆ ಬರಿ, ಇಲ್ಲಿ ಅಟ್ಟಿಸ್ಕೊಂಡು ಬರೋರು ಯಾರೂ ಇಲ್ಲ. ಗೋಡೆ ತುಂಬ ಒಬ್ಬ ಹೆಂಗಸಿನ ಮುಖ ಬರೆದೆ. ನಿನ್ನ ಕಿಟಕಿಯೇ ಅವಳ ಬಾಯಿ. ಸೋಮವಾರ ನೀನು ಕಿಟಕಿ ತೆಗೆದು, ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಒತ್ತಿದೆ. ಹಬೆ ಹೊರಗೆ ಬಂತು, ಗೋಡೆ ಉಸಿರು ಬಿಟ್ಟಿತು. ದರ್ಜಿ ಹೊಲಿಗೆ ಬಿಟ್ಟು ಬಂದು ಬಾಯಿ ತೆರೆದು ನಿಂತ. ನೀನು ನೋಡಲು ಹೊರಗೆ ಬಂದರೆ ಮಾತ್ರ ಉಸಿರು ನಿಂತುಬಿಡುತ್ತಿತ್ತು. ಕೊನೆಗೆ ನಾನು ಒಳಗೆ ಇಸ್ತ್ರಿ ಹಿಡಿದೆ, ನೀನು ಬೀದಿಯಲ್ಲಿ ನಿಂತು ನೋಡಿದೆ. ಯಾರದೋ ಅಂಗಿಯ ಕಾಲರ್ ಸುಟ್ಟಿದ್ದಕ್ಕೆ ಆಮೇಲೆ ಬೈಸಿಕೊಂಡೆ. ಅಷ್ಟು ಸಂತೋಷ ನನಗೆ ಮತ್ತೆ ಆಗಿಲ್ಲ.

ಆ ಚಿತ್ರ ನೋಡಿ ನನ್ನನ್ನು ಕರೆಸಿಕೊಂಡ ಈ ಗ್ಯಾಲರಿಯಲ್ಲಿ ಆ ಹೆಂಗಸನ್ನು ಎಷ್ಟು ಸಲ ಬರೆದೆನೋ ಲೆಕ್ಕ ತಪ್ಪಿದೆ. ಕ್ಯಾನ್ವಾಸಿನ ಹಿಂದೆ ಒಂದು ಹಬೆ ಯಂತ್ರ ಇಟ್ಟಿದ್ದಾರೆ. ಗುಂಡಿ ಒತ್ತಿದರೆ ಉಸಿರು. ಒಮ್ಮೊಮ್ಮೆ ಕೆಟ್ಟು ಸೀನುತ್ತದೆ. ಬಂದವರು ಅದಕ್ಕೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಹೋದ ತಿಂಗಳು ಬೇಸರವಾಗಿ ಒಂದು ಸೈಕಲ್ ಬರೆದೆ. ಗ್ಯಾಲರಿಯ ಒಡತಿ ಬಲು ಮೃದುವಾಗಿ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಜನ ಕೇಳೋದು ಅವಳನ್ನೇ ಅಲ್ವಾ ಅಂದಳು. ನಾನಿರುವ ಕೋಣೆಯೂ ಒಡತಿಯದೇ. ಧೂಳು ಬರುತ್ತದೆ ಅಂತ ಇಲ್ಲಿ ಕಿಟಕಿಗಳಿಗೆ ಹಿಡಿಯೇ ಇಟ್ಟಿಲ್ಲ.

ಈಗ ನಿಜ ಹೇಳುತ್ತೇನೆ. ನಿನ್ನ ಕಿಟಕಿಯೂ ಮುಚ್ಚಿಹೋಗುವಂತೆ ಗೋಡೆಗೆ ಆ ದಪ್ಪ ಗಾಜು ಜಡಿದದ್ದು ನಗರಸಭೆಯವರು ಅಂದೆನಲ್ಲ, ಅದು ಸುಳ್ಳು. ಹಬೆಗೆ ಅವಳ ತುಟಿಯ ಬಣ್ಣ ಏಳುತ್ತಿತ್ತು. ಮೂಲ ಚಿತ್ರ ಹಾಳಾಗಬಾರದು ಅಂತ ಗ್ಯಾಲರಿಯವರು ಗಾಜು ಹಾಕಿಸಿದರು. ಅದನ್ನು ಯಾರೂ ತೆಗೆಯುವಂತಿಲ್ಲ, ಹೊರಗಿನ ಯಾವ ಗೋಡೆಯ ಮೇಲೂ ನಾನು ಬರೆಯುವಂತಿಲ್ಲ ಅನ್ನುವ ಒಪ್ಪಂದಕ್ಕೆ ನಾನು ಸಹಿ ಮಾಡಿದ್ದೇನೆ. ನೀನು ಬಟ್ಟೆಯ ರಾಶಿ ಬಿಟ್ಟು ನಗರಸಭೆಗೆ ಮೂರು ಸಲ ಅಲೆದೆ. ನಮಗೇನೂ ಗೊತ್ತಿಲ್ಲಮ್ಮ ಅಂತ ಅವರು ನಿಜವನ್ನೇ ಹೇಳಿ ಕಳಿಸಿದರು. ನೀನು ಅವರಿಗೆ ಹಿಡಿ ಶಾಪ ಹಾಕಿದಾಗ ಫೋನಿನ ಈ ಕಡೆ ನಾನು ಹೂಂ ಹೂಂ ಅನ್ನುತ್ತಿದ್ದೆ.

ನಾನೇ ಬಂದು ಗಾಜು ಕೀಳುತ್ತೇನೆ ಅಂತ ಬರೆಯಲು ಕೂತದ್ದು. ಬೆಳಗ್ಗೆಯಿಂದ ಆ ಒಂದು ಸಾಲು ಬರೆಯಲಾಗುತ್ತಿಲ್ಲ. ಒಪ್ಪಂದ ಮುರಿದರೆ ಈ ಕೋಣೆ, ಈ ಕೆಲಸ, ಇದುವರೆಗೆ ಬರೆದದ್ದೆಲ್ಲ ಹೋಗುತ್ತದೆ. ಆ ಹೆಂಗಸನ್ನು ಬಿಟ್ಟು ಬೇರೆ ಏನು ಬರೆಯಬೇಕು ಅನ್ನುವುದೂ ಮರೆತಿದೆ. ಹೊರಗೆ ಕಾಲಿಡಲು ನನಗೆ ಹೆದರಿಕೆ ಅಕ್ಕಾ. ಸೀಟಿ ಊದಿದರೆ ಓಡುತ್ತಿದ್ದವಳು ಈಗ ಯಾರೂ ಊದದಿದ್ದರೂ ಕೂತಲ್ಲೇ ಕೂತಿದ್ದೇನೆ.

ಕೈಗೆ ನೀರು ಸೋಕಿಸಬೇಡ. ಬಾಗಿಲ ಹತ್ತಿರವೇ ಮೇಜು ಹಾಕಿಕೋ.

ನಿನ್ನ ಪ್ರೀತಿಯ,
ಗೀಚುಬುರುಕಿ

ಮತ್ತೊಂದು ಮಾತು: ಲಕೋಟೆಯಲ್ಲಿ ಒಪ್ಪಂದದ ನಕಲು ಇದೆ. ಕೊನೆಯ ಪುಟದಲ್ಲಿ, ಗೋಡೆಯ ಯಜಮಾನಿ ಅನ್ನುವ ಕಡೆ ನಿನ್ನ ಸಹಿ ಇದೆ. ನೀನು ಹಾಕಿದ್ದಲ್ಲ, ನಾನು ಬರೆದದ್ದು. ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡಿದ್ದೆ. ನಿನ್ನ ಆ ಒಂದು ಸಾಲಿನ ಕಾಗದ ನೋಡಿದ ಮೇಲೆ ಗೊತ್ತಾಯಿತು, ನಿನ್ನ ಕೈ ಈಗ ನಡುಗುತ್ತದೆ. ನನ್ನದರಲ್ಲಿ ಒಂದು ಗೆರೆಯೂ ಅಲುಗಿಲ್ಲ. ನೀನು ಸಹಿ ಮಾಡುವ ರಸೀದಿ ಪುಸ್ತಕದ ಪಕ್ಕ ಇಟ್ಟು ವಕೀಲರಿಗೆ ತೋರಿಸು, ಸಹಿ ಸುಳ್ಳು ಅಂತಾದರೆ ಒಪ್ಪಂದ ನಿಲ್ಲುವುದಿಲ್ಲ, ಗಾಜು ತಾನಾಗಿ ಇಳಿಯುತ್ತದೆ. ಇದು ಯಾರು ಮಾಡಿದ್ದು ಅಂತ ಕೇಳುತ್ತಾರೆ. ತಂಗಿ ಅಂತ ನೋಡಬೇಡ, ನನ್ನ ಹೆಸರು ಹೇಳಿಬಿಡು.