ಎಂಟಕ್ಕೆ ಇಳಿಸಿದ ಒತ್ತಡ

ಹದಿನಾಲ್ಕು, ಮಂಗಳವಾರ.

ಊಟ ಸೇರಲಿಲ್ಲ.

ಪ್ರಾಸ್ಟೇಟ್ ಕ್ಯಾನ್ಸರಿನ ರೋಬೋಟ್ ಆಪರೇಷನ್, ಅರಿವಳಿಕೆ ನನ್ನದು. ರೋಗಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹೃದಯ ಅಷ್ಟು ಗಟ್ಟಿಯಿಲ್ಲ. ಒಳಗೆ ಜಾಗವಾಗಲೆಂದು ಹೊಟ್ಟೆಗೆ ಗ್ಯಾಸ್ ತುಂಬುತ್ತೇವೆ ಎಂದಾಗ ನಕ್ಕರು: "ಅದು ನನ್ನ ಹತ್ರ ಬೇಕಾದಷ್ಟಿದೆಯಮ್ಮ, ನನ್ನ ಹೆಂಡ್ತೀನ ಕೇಳು."

ತಲೆ ತಗ್ಗಿಸಿ ಮಲಗಿಸಿ, ಗ್ಯಾಸಿನ ಒತ್ತಡವನ್ನು ಹದಿನೈದಕ್ಕೆ ಏರಿಸುತ್ತಲೇ ನಾಡಿ ಕುಸಿಯಿತು. ಗ್ಯಾಸ್ ಬಿಡಿಸಿ ಔಷಧಿ ಕೊಟ್ಟೆ, ಚೇತರಿಸಿತು. ಮತ್ತೆ ತುಂಬಿದರು, ಮತ್ತೆ ಕುಸಿಯಿತು.

"ಸರ್, ಒತ್ತಡ ಎಂಟಕ್ಕೆ ಇಳಿಸಿ ಮಾಡಿ," ಎಂದೆ.

ಸರ್ಜನ್ ರೋಬೋಟಿನ ಪರದೆಯಿಂದ ಮುಖ ಎತ್ತಲಿಲ್ಲ. "ಎಂಟರಲ್ಲಿ ಗ್ಯಾಸು ರಕ್ತನಾಳಗಳನ್ನ ಅದುಮಲ್ಲ, ರಕ್ತ ಒಸರುತ್ತೆ. ಕಣ್ಣು ಕಟ್ಕೊಂಡು ಕತ್ತರಿಸ್ಲಾ?"

"ಹೃದಯ ನಿಂತ್ರೆ ಕತ್ತರಿಸೋ ಕೆಲಸಾನೇ ಇರಲ್ಲ ಸರ್."

ಇಳಿಸಿದರು. ನಾಡಿ ಹದಕ್ಕೆ ಬಂತು. ಆದರೆ ಸ್ವಲ್ಪ ಹೊತ್ತಿಗೆ ಅವರು ಹೇಳಿದಂತೆಯೇ ಆಯಿತು, ಒಂದು ರಕ್ತನಾಳ ಬಿಚ್ಚಿಕೊಂಡು ಪರದೆಯೆಲ್ಲ ಕೆಂಪಾಯಿತು. ಒತ್ತಡ ಏರಿಸೋಣವೇ ಎಂದು ಅವರು ಕೇಳಿದರೆ ಏನನ್ನಲಿ? ಅವರು ಕೇಳಲಿಲ್ಲ. ರಕ್ತ ಹೀರಿಸಿ, ಒತ್ತಿ ಹಿಡಿದು, ಕಾದು, ಹೊಲಿಗೆ ಹಾಕಿದರು. ಕೊನೆಗೆ ಪ್ರಾಸ್ಟೇಟ್ ಗ್ರಂಥಿ ಇಡಿಯಾಗಿ ಹೊರಬಂತು.

ಕೈ ತೊಳೆಯುವಾಗ ಅಂದರು: "ನಿನ್ನ ಮಾತು ಕೇಳಿ ಇವತ್ತು ನನ್ನ ಆಯುಸ್ಸು ಕಮ್ಮಿ ಆಯ್ತು ಕಣಮ್ಮ." ಬೈದರೋ ಮೆಚ್ಚಿದರೋ ತಿಳಿಯಲಿಲ್ಲ.

ಸಂಜೆ ಮೇಷ್ಟ್ರು ಕಣ್ಣು ತೆರೆದು ಹೆಂಡತಿಯ ಕೈ ಹಿಡಿದಿದ್ದರು. "ನೀವಿದ್ದಿದ್ದಕ್ಕೆ ಉಳ್ಕೊಂಡ್ರು," ಎಂದರು ಆಕೆ. ನಾನು ತಲೆಯಾಡಿಸಿ ಬೇಗ ಹೊರಬಂದೆ. ನಾನು ಹೇಳಿದ್ದು ಸರಿ. ಸರಿಯೇ ಇರಬೇಕು. ಆದರೂ ಆ ರಕ್ತ ನಿಲ್ಲದೇ ಹೋಗಿದ್ದರೆ, ಆಕೆಯ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲುತ್ತಿದ್ದೆ?